ಕಕ್ಕೆ ಮರಕ್ಕೆ ಎರಡು ಮನೆಯ ನೀರು

ಮೊದಲೇ ಹೇಳಿಬಿಡುತ್ತೇನೆ, ಇದು ನಿಜವಾಗಿ ನಡೆದದ್ದು. ನಾನು ಸುಳ್ಳೇ ಹೇಳದವನು ಎಂದೇನಲ್ಲ. ಹೇಳುತ್ತೇನೆ, ಆದರೆ ಯಾವಾಗಲೂ ಬೇರೆಯವರ ದನಿಯಲ್ಲಿ. ಇದನ್ನು ನನ್ನ ಸ್ವಂತ ದನಿಯಲ್ಲಿ ಹೇಳುತ್ತಿರುವುದರಿಂದ ಧಾರಾಳವಾಗಿ ನಂಬಬಹುದು.

ನನ್ನ ಹೆಸರು ಕಲ್ಲೇಶ. ಕನ್ನಡದಲ್ಲಿ ಎಂ.ಎ. ಮಾಡಿ ಹಿರಿಯೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಹಗಲು ಕಾಗದದ ನಕಲು ತೆಗೆಯುತ್ತೇನೆ, ಬಿಡುವಾದಾಗ ಜನರ ನಕಲು. ಮೊದಲನೆಯದಕ್ಕೆ ಕಾಸು ಸಿಗುತ್ತದೆ, ಎರಡನೆಯದಕ್ಕೆ ಬೈಗುಳ. ಕಾಲೇಜಿನಲ್ಲಿ ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲಿ ಕಾರಿಡಾರಿನಿಂದ "ಇವತ್ತು ಕ್ಲಾಸಿಲ್ಲ, ಹೋಗ್ರಪ್ಪ" ಎಂದು ಕೂಗಿ ಮೂರು ತರಗತಿ ಖಾಲಿ ಮಾಡಿಸಿದ್ದೆ. ನಾಲ್ಕನೆಯ ತರಗತಿಯಲ್ಲಿ ಪ್ರಿನ್ಸಿಪಾಲರೇ ಪಾಠ ಮಾಡುತ್ತಿದ್ದರು.

ನಮ್ಮ ಪಕ್ಕದ ಮನೆ ಜಬೀವುಲ್ಲಾ ಚಾಚಾ ಅವರದು. ನಲವತ್ತು ವರ್ಷ ತಗಡಿನ ಟ್ರಂಕು ಮಾಡಿದವರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮದುವೆಗಳಲ್ಲಿ ಹೆಣ್ಣಿನ ಜೊತೆ ಗಂಡನ ಮನೆಗೆ ಹೋದ ಟ್ರಂಕುಗಳಲ್ಲಿ ಅವರ ಕೈಯವು ಎಷ್ಟಿದ್ದವೋ ಅವರಿಗೇ ಗೊತ್ತಿಲ್ಲ. ಅವುಗಳ ಗುರುತು ಒಂದೇ. ಮುಚ್ಚಳದ ಹಸಿರು ಬಣ್ಣದ ಮೇಲೆ ಕೆಳಮುಖವಾಗಿ ಜೋತುಬಿದ್ದ ಹಳದಿ ಹೂವಿನ ಗೊಂಚಲು. ಉಳಿದವರೆಲ್ಲ ಗುಲಾಬಿ, ಕಮಲ ಬರೆಯುತ್ತಿದ್ದ ಕಾಲದಲ್ಲಿ ಚಾಚಾ ಬರೆಯುತ್ತಿದ್ದದ್ದು ಕಕ್ಕೆ ಹೂವನ್ನು ಮಾತ್ರ. ಚಿಕ್ಕಂದಿನಲ್ಲಿ ದುರ್ಗದ ಗುಡ್ಡದ ಬದಿಯಲ್ಲಿ, ಸುಡುವ ಬೇಸಿಗೆಯಲ್ಲಿ, ಒಂದೆಲೆಯೂ ಇಲ್ಲದ ಮರ ಮೈತುಂಬ ಹಳದಿ ಹೊತ್ತು ನಿಂತದ್ದನ್ನು ನೋಡಿದ್ದರಂತೆ. ತೊಂದರೆ ಏನೆಂದರೆ, ಟ್ರಂಕಿನ ಮೇಲಿರುವುದು ಹೂವು ಎಂದು ಜನಕ್ಕೆ ತಿಳಿಯುತ್ತಿರಲಿಲ್ಲ. ನಮ್ಮವ್ವ ಕೊಟ್ರಮ್ಮ ಮತ್ತೋಡಿನಿಂದ ಮದುವೆಯಾಗಿ ಬಂದಾಗ ತಂದದ್ದೂ ಅಂಥದೇ ಟ್ರಂಕು. ಮೂವತ್ತೈದು ವರ್ಷ ಅವ್ವ ಅದನ್ನು ದ್ರಾಕ್ಷಿ ಎಂದೇ ತಿಳಿದಿದ್ದಳು.

"ಹಳದಿ ದ್ರಾಕ್ಷಿ ಲೋಕದಾಗೆ ಎಲ್ಲೈತೆ ಅಕ್ಕಾ?" ಎಂದು ಚಾಚಾ ನೊಂದುಕೊಂಡು ಕೇಳಿದ್ದರು.

"ನಂಗೇನ್ ಗೊತ್ರಿ ಸಾಹೇಬ್ರೆ. ಹಣ್ಣಾಗಿರಬೇಕು ಅಂದ್ಕಂಡಿದ್ದೆ."

ಬೀರು ಬಂದ ಮೇಲೆ ಟ್ರಂಕು ಹೋಯಿತು. ಐದು ವರ್ಷದ ಹಿಂದೆ ಚಾಚಾ ಅವರ ಬಲಗೈ ನಡುಗಲು ಶುರುವಾಗಿ ಕುಂಚವೂ ಹೋಯಿತು. ಉಳಿದದ್ದು ಹಿತ್ತಲಿನ ಕಕ್ಕೆ ಮರ. ಅದನ್ನೂ ಅವರೇ ಬೀಜದಿಂದ ಎಬ್ಬಿಸಿದ್ದು. ಕಕ್ಕೆ ಬೀಜದ ಸಿಪ್ಪೆ ಕಲ್ಲಿನಂಥದು, ಸುಮ್ಮನೆ ಹೂತರೆ ವರ್ಷಗಟ್ಟಲೆ ಮಲಗಿರುತ್ತದೆ. ಚಾಚಾ ತಗಡಿನ ಅಂಚು ಉಜ್ಜುವ ಅರದಲ್ಲಿ ಬೀಜದ ಮೈಯನ್ನು ಒಂದೊಂದಾಗಿ ಉಜ್ಜಿ, ರಾತ್ರಿಯಿಡೀ ನೆನೆಸಿ, ಡಬ್ಬಿಯಲ್ಲಿ ಮೊಳಕೆ ಬರಿಸಿ, ನಮ್ಮ ಎರಡು ಮನೆಗಳ ನಡುವಿನ ಗೋಡೆಯ ಪಕ್ಕ ನೆಟ್ಟಿದ್ದರು. ಅದಾಗಿ ಹತ್ತು ವರ್ಷ. "ಕೈ ನಿಂತ್ರೆ ಏನಾತು, ಇನ್ ಮ್ಯಾಲೆ ಮರ ಬರೀತೈತೆ" ಎನ್ನುತ್ತಿದ್ದರು.

ಮರ ಬರೆಯಲಿಲ್ಲ. ಮಹಡಿ ಮುಟ್ಟುವಷ್ಟು ಬೆಳೆಯಿತು, ನಡುಬೇಸಿಗೆಯಲ್ಲೂ ಹಸಿರು ಸೊಕ್ಕಿ ನಿಂತಿತು, ಅಷ್ಟೆ. ಈ ವರ್ಷ ಹೂ ಬಿಡುತ್ತದಾ ಎಂದು ಚಾಚಾ ಕೇಳಿದಾಗಲೆಲ್ಲ ನಾವು ಹೂಂ ಎನ್ನುತ್ತಿದ್ದೆವು. ಹೂ ಎನ್ನದೆ ಉಳಿದದ್ದು ಮರ ಒಂದೇ.

ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಚಾಚಾ ಅವರ ಮಗ ಕೈಸರ್ ಮರದ ಬುಡದಲ್ಲಿ ಟೇಪು ಹಿಡಿದು ನಿಂತಿದ್ದ. ಕೈಸರ್ ನನ್ನ ಓರಗೆಯವನು, ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಸುಟ್ಟ ಮೋಟಾರುಗಳು ಅವರ ನಡುಮನೆಯವರೆಗೂ ಬಂದು ನೆಂಟರ ಹಾಗೆ ಕುಳಿತಿದ್ದವು.

"ಹತ್ತಡಿ ಹನ್ನೆರಡಡಿ ರೂಮು ಆರಾಮಾಗಿ ಬರ್ತೈತೆ ನೋಡಲೇ ಕಲ್ಲೇಶಿ."

"ಮರ?"

"ಹೂವಿಲ್ಲ, ಹಣ್ಣಿಲ್ಲ. ಹತ್ ವರ್ಷ ಕಾದ್ವಲ್ಲಪ್ಪ. ಅಬ್ಬಾಗೂ ಹೇಳೀನಿ. ಈ ಬ್ಯಾಸಿಗೆ ಹೂ ಬಿಟ್ರೆ ಬಿಡ್ತೀನಿ, ಬಿಡ್ಲಿಲ್ಲಾಂದ್ರೆ ಬಿಡಲ್ಲ. ಮೇ ಒಂದಕ್ಕೆ ಬಾ ಅಂತ ಗಾರೆ ಕೆಲಸದ ಜಯಕುಮಾರಂಗೆ ಮಾತು ಕೊಟ್ಟಾಗೈತೆ."

ಚಾಚಾ ಅಲ್ಲೇ ಇದ್ದರು. ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮರ ನೋಡುತ್ತ ನಿಂತಿದ್ದರು. ಮಗ ಹೇಳುತ್ತಿರುವುದರಲ್ಲಿ ತಪ್ಪಿಲ್ಲ ಎಂದು ಅವರಿಗೂ ಗೊತ್ತಿತ್ತು. ತಪ್ಪಿದ್ದರೆ ಜಗಳವಾದರೂ ಆಡಬಹುದಿತ್ತು.

ಅದೇ ವಾರ ದಾಕ್ಷಾಯಿಣಿ ನನ್ನ ಅಂಗಡಿಗೆ ಬಂದಳು. ಪಿಯುಸಿಯಲ್ಲಿ ನನ್ನ ಜೊತೆ ಓದಿದವಳು, ಈಗ ಬಬ್ಬೂರು ಕೃಷಿ ಫಾರಂನಲ್ಲಿ ಕೆಲಸ. ಗಿಡಮರದ ವಿಷಯ ಬಲ್ಲವಳೆಂದು ಅವಳನ್ನು ಚಾಚಾ ಹಿತ್ತಲಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ನಮಾಜಿನ ಹೊತ್ತು. ಚಾಚಾ ಮರದ ಬುಡದ ಕಲ್ಲಿನ ಮೇಲೆ ಕುಳಿತು, ತಂಬಿಗೆಯಿಂದ ನೀರು ಸುರಿದುಕೊಂಡು ವಜೂ ಮಾಡುತ್ತಿದ್ದರು. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆದುಕೊಳ್ಳುವುದೇ ವಜೂ. ಆ ನೀರು ಚರಂಡಿಗೆ ಹೋಗುವುದು ಚಾಚಾಗೆ ಇಷ್ಟವಿಲ್ಲ. ಅದಕ್ಕೇ ಮರದ ಕೆಳಗೆ ಕಲ್ಲು ಹಾಕಿಸಿದ್ದರು.

ದಾಕ್ಷಾಯಿಣಿ ಅದನ್ನು ನೋಡುತ್ತಿರುವಾಗಲೇ ಗೋಡೆಯ ಬುಡದ ತೂತಿನಿಂದ ಬುಳಕ್ ಎಂದು ಇನ್ನಷ್ಟು ನೀರು ಬಂತು. ಜೊತೆಗೆ ಎರಡು ಬಿಲ್ವಪತ್ರೆ.

"ಇದೇನೋ ಇದು?"

"ನಮ್ಮವ್ವಂದು" ಎಂದೆ.

ಅವ್ವ ಲಿಂಗಪೂಜೆ ಮಾಡಿದ ನೀರು, ಪತ್ರೆ ಯಾರೂ ತುಳಿಯುವ ಕಡೆ ಬೀಳಬಾರದು. ನಮ್ಮ ಹಿತ್ತಲಿಗೆ ಪೂರ್ತಿ ಸಿಮೆಂಟು. ಆದ್ದರಿಂದ ಚಾಚಾ ಅವರೇ ಗೋಡೆಗೆ ತೂತು ಕೊರೆದು, "ಮರದ ಬುಡಕ್ಕೇ ಬಿಡ್ರಿ ಅಕ್ಕಾ, ಅಲ್ಲಿ ಯಾರೂ ಕಾಲಿಡಲ್ಲ" ಎಂದಿದ್ದರು. ಪೂಜೆಯ ನೀರು ಒಂದು ಬಟ್ಟಲು ಮಾತ್ರ. ಅದು ತೂತಿನ ನಡುವೆ ನಿಂತು ಹುಳ ಬೀಳಬಾರದಲ್ಲ ಎಂದು ಅವ್ವ ಹಿಂದೆಯೇ ಒಂದು ಕೊಡ ಸುರಿಯುತ್ತಿದ್ದಳು. ಅವತ್ತು ತಲೆಗೆ ಎರೆದುಕೊಂಡು ಪೂಜೆ ಮಧ್ಯಾಹ್ನಕ್ಕೆ ಬಿದ್ದಿತ್ತು.

"ದಿನಕ್ಕೆ ಎಷ್ಟು ಸಲ?"

"ಚಾಚಾದು ಐದು, ಅವ್ವಂದು ಎರಡು."

ದಾಕ್ಷಾಯಿಣಿ ಹಣೆ ಬಡಿದುಕೊಂಡಳು. "ಲೇ, ಇದು ಗುಡ್ಡದ ಮರ ಕಣೋ! ಬಾಯಾರಬೇಕು, ಎಲೆ ಉದುರಬೇಕು, ಆಮ್ಯಾಲೆ ಹೂವು. ನೀವೆಲ್ಲ ಸೇರ್ಕಂಡು ಇದನ್ನ ಬಾಳೆಗಿಡ ಮಾಡಿಟ್ಟಿದೀರ. ಜನವರಿಯಿಂದ ಏಪ್ರಿಲ್‌ಗಂಟ ಒಂದು ತೊಟ್ಟೂ ಬ್ಯಾಡ."

"ಬಿಟ್ಟೇ ಬಿಡ್ತೈತಾ?"

"ಮರದ ಪರವಾಗಿ ನಾನು ಸಹಿ ಹಾಕಾಕಾಗಲ್ಲಪ್ಪ. ನೀರು ನಿಲ್ಸಿ ನೋಡ್ರಿ."

ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬರುವ ನಮ್ಮ ಬೀದಿಯಲ್ಲಿ ಆ ಮರದಷ್ಟು ಸುಖಿ ಯಾರೂ ಇರಲಿಲ್ಲ ಎಂದು ನನಗೆ ಅವತ್ತು ಹೊಳೆಯಿತು. ನೀರು ನಿಲ್ಲಿಸುವುದೇನು ಮಹಾ ಎಂದುಕೊಂಡೆ. ಅಲ್ಲೇ ನಾನು ಎಡವಿದ್ದು.

ಮೊದಲು ಚಾಚಾಗೆ ಹೇಳಿದೆ.

"ನಂದು ನಿಲ್ಲಿಸಾಕೆ ಏನು ಬೇಟಾ, ಕಲ್ಲು ಎತ್ತಿ ಅತ್ತ ಹಾಕಿದ್ರೆ ಆತು" ಎಂದರು. ಚಾಚಾ ಯಾವ ಮಾತು ಎತ್ತಿದರೂ ನಡುವೆ ಮೂರು ಸಲ 'ಅರ್ಥ ಏನಂದ್ರೆ' ಬರುತ್ತದೆ. "ಅರ್ಥ ಏನಂದ್ರೆ, ಅಕ್ಕನ ಪೂಜೆ ನೀರು ಅಲ್ಲಿ ಬೀಳ್ತೈತೆ. ನಾನು ಸಡನ್ನಾಗಿ ಎದ್ದು ಬ್ಯಾರೆ ಕಡೆ ಹೋದ್ರೆ ಅವರೇನ್ ಅಂದ್ಕಬೇಕು? ನಮ್ ನೀರು ಸೇರೋ ಜಾಗ ಸಾಹೇಬ್ರಿಗೆ ಬ್ಯಾಡಾತು ಅನ್ಕಳಲ್ವಾ?"

"ಹಂಗಾದ್ರೆ ಅವ್ವಂದೇ ಮೊದ್ಲು ನಿಲ್ಲಿಸ್ತೀನಿ."

"ತೌಬಾ! ದೇವರ ನೀರು ಬ್ಯಾಡ ಅಂತ ನಾನು ಹೇಳ್ಸಿದಂಗೆ ಆಗ್ತೈತೆ. ನೀನೇ ಹೇಳಿದ್ರೂ ನಾನೇ ಹೇಳಿಕೊಟ್ಟೆ ಅಂತಾರೆ. ಬ್ಯಾಡ."

ಅವ್ವನ ಹತ್ತಿರ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಹೇಳಿದ್ದು ಹೀಗೆ: "ನಾನು ಈಗಿಂದೀಗ ನಿಲ್ಲಿಸಿಬಿಟ್ರೆ, ಅವರು ಕೈಕಾಲು ತೊಳೆಯೋ ಜಾಗಕ್ಕೆ ಪೂಜೆ ನೀರು ಬಿಡಾಕೆ ಹೇಸಿದ್ಲು ಅಂದ್ಕಳಲ್ವೇನೋ? ಶಿವನೇ, ಅಂಥಾ ಮನುಷ್ಯರ ಮನಸ್ಸು ನೋಯಿಸ್ಲಾ? ಅವರೇ ಬಾಯಿಬಿಟ್ಟು ಹೇಳಿದ್ರೆ ಬ್ಯಾರೆ ಮಾತು."

ಅವರು ಹೇಳುವುದಿಲ್ಲ, ಇವಳು ಕೇಳುವುದಿಲ್ಲ. ಇಬ್ಬರ ಮರ್ಯಾದೆಯೂ ಮರವನ್ನು ಮುಳುಗಿಸುತ್ತಿತ್ತು. ಕ್ಯಾಲೆಂಡರಿನಲ್ಲಿ ಜನವರಿ ಶುರುವಾಯಿತು. ಅವರೇ ಬಾಯಿಬಿಟ್ಟು ಹೇಳಿದರೆ ಎಂದಳಲ್ಲ ಅವ್ವ. ಬಾಯಿ ಬೇಕಾದರೆ ನನ್ನ ಹತ್ತಿರ ಒಂದಿತ್ತು.

ಚಾಚಾ ಸಂತೆಗೆ ಹೋಗಿದ್ದ ಒಂದು ಬೆಳಿಗ್ಗೆ, ಕೈಸರನ ಸ್ಪಾನರ್ ಬೇಕೆಂಬ ನೆಪದಲ್ಲಿ ಅವರ ಹಿತ್ತಲಿಗೆ ಹೋಗಿ ಗೋಡೆಗೆ ಮೈ ತಾಗಿಸಿ ಕುಕ್ಕರಗಾಲಲ್ಲಿ ಕುಳಿತೆ. ಆಚೆ ಅವ್ವ ಪಾತ್ರೆ ಉಜ್ಜುವ ಸದ್ದು. ಚಾಚಾ ಅವರ ಹಾಗೆ ಮೂರು ಸಲ ಕೆಮ್ಮಿದೆ, ಗಂಟಲಲ್ಲಿ ಒಂದಿಷ್ಟು ತಗಡು ಸೇರಿಸಿದೆ.

"ಅಕ್ಕಾ... ಅರ್ಥ ಏನಂದ್ರೆ... ಒಂದ್ ಮಾತಿತ್ತು."

ಪಾತ್ರೆ ನಿಂತಿತು. "ಹೇಳ್ರಿ ಸಾಹೇಬ್ರೆ."

"ಅರ್ಥ ಏನಂದ್ರೆ, ಮರಕ್ಕೆ ನಾಕ್ ತಿಂಗ್ಳು ನೀರು ಬ್ಯಾಡ ಅಂದೈತೆ ಆ ಬಬ್ಬೂರಿನ ಹುಡುಗಿ. ನಿಮ್ ಪೂಜೆ ನೀರು... ತಪ್ ತಿಳ್ಕಬ್ಯಾಡ್ರಿ... ಅಲ್ಲಿಗಂಟ ಬ್ಯಾರೆ ಕಡೆ..."

"ಅಯ್ಯೋ, ಅಷ್ಟೇ ಏನ್ರಿ? ದಾಸವಾಳದ ಕುಂಡಕ್ಕೆ ಹಾಕ್ತೀನಿ ಬಿಡ್ರಿ. ನೀವ್ ಹೇಳಿದ್ ಮ್ಯಾಲೆ ಮುಗೀತು. ಅಲ್ರೀ, ಕೆಮ್ಮು ಭಾಳ ಆಗೈತಲ್ಲ, ಶುಂಠಿ ಕಷಾಯ ಮಾಡಿ ಕಳಿಸ್ಲಾ?"

"ಬ್ಯಾಡ ಬ್ಯಾಡ" ಎನ್ನುವಷ್ಟರಲ್ಲಿ ನಗು ಒತ್ತಿಕೊಂಡು ಬಂದು ಅದು ನಿಜವಾದ ಕೆಮ್ಮೇ ಆಯಿತು. ತಲೆ ಎತ್ತಿದರೆ ಮಹಡಿಯ ಮೇಲೆ ಚಾಚಾ ಹೆಂಡತಿ ಇಮಾಂಬೀ ಚಾಚಿ. ಮೆಣಸಿನಕಾಯಿ ಒಣಹಾಕುತ್ತಿದ್ದವರು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು, ಮೆಣಸಿನಕಾಯಿ ತಿರುವಿ ಹಾಕತೊಡಗಿದರು.

ಬೇಡವೆಂದರೂ ಅವ್ವ ಕಷಾಯ ಮಾಡಿ ನನ್ನ ಕೈಯಲ್ಲೇ ಕಳಿಸಿದಳು. ಸಂತೆಯಿಂದ ಬಂದ ಚಾಚಾ ಲೋಟ ಹಿಡಿದು, "ಯಾರಿಗೆ ಕೆಮ್ಮು?" ಎಂದರು.

"ಚಳಿಗಾಲ ಅಲ್ವಾ ಚಾಚಾ, ಮುಂಚೇನೇ ಕುಡಿದ್ರೆ ಒಳ್ಳೇದು ಅಂತೆ" ಎಂದೆ. ಪಾಪ, ಒಂದೇ ಗುಟುಕಿಗೆ ಕುಡಿದರು.

ಇನ್ನು ಅವ್ವನ ದನಿ. ಅದು ನನಗೆ ಹಾಲು ಕುಡಿದಷ್ಟು ಸಲೀಸು, ಹಾಲಿನ ಜೊತೆಗೇ ಬಂದದ್ದು ತಾನೇ. ಅವಳು ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗಿದ್ದ ಸಂಜೆ, ಚಾಚಾ ಕಲ್ಲಿನ ಮೇಲೆ ಕೂರುವ ಹೊತ್ತು ನೋಡಿ, ನಮ್ಮ ಕಡೆಯ ಗೋಡೆಗೆ ಅಂಟಿಕೊಂಡು ಸಣ್ಣಗೆ ಎಳೆದೆ.

"ಸಾಹೇಬ್ರೆ... ಅದೀರಾ?"

ಆ ಕಡೆ ತಂಬಿಗೆ ಕೆಳಗಿಟ್ಟ ಸದ್ದು, ಮೊಣಕಾಲಿನ ಲಟಿಕೆ. ಗೋಡೆ ಅಡ್ಡವಿದ್ದರೂ ಮರ್ಯಾದೆಗೆ ಎದ್ದು ನಿಂತಿದ್ದರು.

"ಅದೀನಿ ಹೇಳ್ರಿ ಅಕ್ಕಾ."

"ನಾನು ಮರಕ್ಕೆ ನೀರು ಬಿಡಾದು ನಿಲ್ಸೀನ್ರಿ, ಅದು ಹೂವಾಗ್ಲಿ ಅಂತ. ನೀವೂ ಏಪ್ರಿಲ್‌ಗಂಟ ಕಲ್ಲು ಅತ್ತ ಹಾಕ್ಕಂಡ್ರೆ... ಶಿವನೇ, ಹ್ಯಾಂಗ್ ಹೇಳ್ಲಿ ಅಂತ ಒದ್ದಾಡ್ತಿದ್ದೆ."

"ಅಲ್ಲಾಹ್, ಅರ್ಥ ಏನಂದ್ರೆ ಅಕ್ಕಾ, ನಾನೂ ಹಂಗೇ ಒದ್ದಾಡ್ತಿದ್ದೆ!"

ಮರುದಿನ ಕಲ್ಲು ಹಿತ್ತಲಿನ ಇನ್ನೊಂದು ತುದಿಯ ಬಾಳೆಯ ಬುಡಕ್ಕೆ ಹೋಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಬೇರೆಯವರ ಕೈಲಿ ತಟ್ಟಿಸಿಕೊಳ್ಳುವ ಹಾಗಿರಲಿಲ್ಲವಲ್ಲ.

ಒಂದು ವಾರಕ್ಕೆ ಇಬ್ಬರೂ ಬೀದಿ ಬಾಗಿಲಲ್ಲಿ ಎದುರಾದರು.

"ನೀವ್ ಹೇಳಿದಂಗೇ ಮಾಡೀನ್ರಿ" ಎಂದಳು ಅವ್ವ.

"ನೀವ್ ಹೇಳಿದಂಗೇ ನಾನೂ ಮಾಡೀನಿ" ಎಂದರು ಚಾಚಾ.

"ನಂದೇನೈತ್ರಿ, ಎಲ್ಲಾ ನಿಮ್ಮ ದೊಡ್ಡತನ."

"ಇಲ್ಲ ಇಲ್ಲ, ನಿಮ್ದು."

ಎದುರಿನವರು ತಗ್ಗಿ ನಡೆಯುತ್ತಿದ್ದಾರೆ ಎಂದು ಇಬ್ಬರೂ ತಿಳಿದರು. ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ್ದ ನಾನು ಅವರು ಒಳಗೆ ಹೋಗುವವರೆಗೆ ತಲೆ ಎತ್ತಲಿಲ್ಲ.

ಜನವರಿ ಹೋಯಿತು. ಫೆಬ್ರವರಿಯಲ್ಲಿ ಮರದ ಸೊಕ್ಕು ಇಳಿಯಿತು, ಎಲೆಗಳು ಹಳೆಯ ನೋಟಿನ ಹಾಗೆ ಮಾಸಿದವು. ಮಾರ್ಚಿನಲ್ಲಿ ಉದುರತೊಡಗಿದವು. ಮೊದಲು ಒಂದೆರಡು, ಆಮೇಲೆ ಗಾಳಿ ಬಂದಾಗಲೆಲ್ಲ ಬುಟ್ಟಿಗಟ್ಟಲೆ. ತಿಂಗಳ ಕೊನೆಯ ಹೊತ್ತಿಗೆ ಮರ ಬರೀ ಕಡ್ಡಿ. ಹತ್ತು ವರ್ಷದಲ್ಲಿ ಅದನ್ನು ಯಾರೂ ಹಾಗೆ ನೋಡಿರಲಿಲ್ಲ. ಎಲೆ ಉದುರಬೇಕು ಎಂದು ದಾಕ್ಷಾಯಿಣಿ ಹೇಳಿದ್ದು ನನಗೆ ನೆನಪಿತ್ತು. ಆದರೆ ಕಣ್ಣೆದುರಿಗೆ ನಿಂತ ಆ ಬೂದಿ ಬಣ್ಣದ ಅಸ್ಥಿಪಂಜರ ನೋಡಿದಾಗ ನೆನಪಿಗೆ ಬಲ ಸಾಲುತ್ತಿರಲಿಲ್ಲ.

ಕೈಸರ್ ಒಂದು ಕೊಂಬೆ ಬಗ್ಗಿಸಿ ನೋಡಿದ. "ಸತ್ತೋತು. ಇನ್ ಮೇ ತಿಂಗ್ಳು ಯಾಕ್ ಕಾಯ್ಬೇಕು? ಭಾನುವಾರ ಗರಗಸದವ್ರನ್ನ ಕರಿತೀನಿ."

ಅದನ್ನು ಕೇಳಿದ್ದೇ ಚಾಚಾ ಬಕೆಟ್ ತುಂಬಿಕೊಂಡು ಹೊರಟರು. ಆದರೆ ಮಾತು ಕೊಟ್ಟ ಮನುಷ್ಯ. ಅಕ್ಕನಿಗೆ ಹೇಳದೆ ಹೇಗೆ ಸುರಿಯುವುದು ಎಂದು ಬಕೆಟ್ ಸಮೇತ ನಮ್ಮ ಮನೆಗೆ ಬಂದರು. ಭಾರಕ್ಕೂ ನಡುಕಕ್ಕೂ ನೀರು ದಾರಿಯುದ್ದಕ್ಕೂ ತುಳುಕಿತ್ತು. ನಾನು ಮಂಡಕ್ಕಿ ತಿನ್ನುತ್ತ ಕುಳಿತಿದ್ದೆ.

"ಅಕ್ಕಾ, ತಪ್ ತಿಳ್ಕಬ್ಯಾಡ್ರಿ. ನೀವು ನೀರು ಬ್ಯಾಡ ಅಂದಿದ್ಕೆ ನಿಲ್ಸಿದ್ದೆ. ಮರ ಸಾಯ್ತಾ ಐತೆ. ಒಂದ್ ಬಕೆಟ್ ಹಾಕ್ಲಾ?"

ಅವ್ವ ಬೆಕ್ಕಸ ಬೆರಗಾದಳು. "ನಾನ್ ಯಾವಾಗ ಅಂದೆ? ನೀವಲ್ವೇನ್ರಿ ನಂಗೆ ಬ್ಯಾಡ ಅಂದಿದ್ದು? ಗೋಡೆ ಹತ್ರ, ಕೆಮ್ಮಿಕಂತ?"

"ನಾನೆಲ್ಲಿ ಕೆಮ್ಮಿದ್ದೆ?"

"ಕಷಾಯ ಕಳಿಸಿದ್ನಲ್ರಿ!"

ಇಬ್ಬರ ಕತ್ತೂ ಒಟ್ಟಿಗೆ ನನ್ನ ಕಡೆ ತಿರುಗಿತು. ಬಾಯಲ್ಲಿದ್ದ ಮಂಡಕ್ಕಿಯನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

"ನನ್ ದನಿಯಾಗೆ ಏನಂದೆ ಇವರಿಗೆ?" ಎಂದರು ಚಾಚಾ.

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಸಿಟ್ಟಿಗೋ ನಗೆಗೋ ತಿಳಿಯಲಿಲ್ಲ. ಸದ್ದು ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಇಮಾಂಬೀ ಚಾಚಿ, "ನಾನು ಆವತ್ತೇ ನೋಡ್ದೆ" ಎಂದರು ನಿರಾಳವಾಗಿ.

"ನೋಡಿ ಸುಮ್ನಿದ್ಯಾ?" ಎಂದರು ಚಾಚಾ.

"ನೀರು ಜಾಸ್ತಿ ಆತು ಅಂತ ನಾನು ಹತ್ ವರ್ಷದಿಂದ ಬಡ್ಕಂಡೆ, ಕೇಳಿದ್ರಾ? ಆವತ್ತು ಗೋಡೆ ಹೇಳ್ತು, ಒಂದೇ ಮಾತಿಗೆ ಕೇಳಿದ್ರಿ. ಗೋಡೇನೇ ಮಾತಾಡ್ಲಿ ಅಂತ ಬಿಟ್ಟೆ."

ಅವ್ವನಿಗೆ ನಗೆ ತಡೆಯಲಿಲ್ಲ. ಚಾಚಾ ನಗಲಿಲ್ಲ. ಅವರ ಮುಖದಲ್ಲಿ ನೋವು ಕಾಣುತ್ತಿತ್ತು, ನನ್ನ ಇಪ್ಪತ್ತು ವರ್ಷದ ನಕಲುಗಳಲ್ಲಿ ಯಾವುದೂ ತರಿಸದಂಥ ನೋವು.

"ನನ್ ಬಾಯಾಗೆ ನಾನ್ ಆಡದ ಮಾತು ಹಾಕ್ದೆ ಕಲ್ಲೇಶಾ. ನಾಳೆ ಮರ ಸತ್ರೆ, ಕೊಂದೋನು ನಾನಾ, ನೀನಾ? ಯಾರ ದನಿಯಾಗೆ ಹೇಳ್ತೀಯ ಅದನ್ನ?"

ನನ್ನ ಹತ್ತಿರ ಯಾರ ದನಿಯೂ ಇರಲಿಲ್ಲ. ದಾಕ್ಷಾಯಿಣಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಉಗುರಲ್ಲಿ ತೊಗಟೆ ಕೆರೆದು ನೋಡ್ರಿ" ಎಂದಳು. "ಒಳಗೆ ಒಣಗಿದ್ರೆ ಹೋತು. ಹಸಿರಿದ್ರೆ ಐತೆ."

ನಾವೆಲ್ಲ ಹಿತ್ತಲಿಗೆ ಹೋದೆವು. ಚಾಚಾ ಯಾರಿಗೂ ಬಿಡಲಿಲ್ಲ, ತಾವೇ ಒಂದು ಕೊಂಬೆ ಹಿಡಿದು ಹೆಬ್ಬೆರಳ ಉಗುರು ಊರಿದರು. ಕೈ ನಡುಗಿ ಉಗುರು ಎರಡು ಸಲ ಜಾರಿತು. ಮೂರನೆಯ ಸಲ ಬೂದು ಸಿಪ್ಪೆ ಸುಲಿಯಿತು. ಕೆಳಗೆ ಹಸಿ ಹಸಿ ಹಸಿರು, ಎಳೆ ಅವರೆಕಾಯಿಯ ಬಣ್ಣ.

ಚಾಚಾ ಆ ಹಸಿರನ್ನು ಬೆರಳಿಂದ ಸವರಿದರು. ಕಾಲ ಬಳಿ ಬಕೆಟ್ ಇತ್ತು. ಅದನ್ನು ಸುರಿದುಬಿಡುತ್ತಾರೆ ಎಂದೇ ನಾನು ಕಾದೆ. ಅವರು ಅವ್ವನ ಕಡೆ ತಿರುಗಿದರು.

"ಅಕ್ಕಾ, ಇನ್ನೊಂದ್ ತಿಂಗ್ಳು ನೀವು ನೀರು ಬಿಡಬ್ಯಾಡ್ರಿ. ಇದು ನಾನೇ ಹೇಳ್ತಿರಾದು. ನೋಡ್ಕಳ್ರಿ, ಬಾಯಿ ನಂದೇ."

"ನೀವೂ ಹಾಕ್ಬ್ಯಾಡ್ರಿ ಸಾಹೇಬ್ರೆ" ಎಂದಳು ಅವ್ವ. "ಇದೂ ನಂದೇ ಬಾಯಿ."

ನೋಡಿ, ಎಷ್ಟು ಸುಲಭವಿತ್ತು. ನಾಲ್ಕು ತಿಂಗಳ ಹಿಂದೆ ಇಷ್ಟೇ ಮಾತು ಆಡಿದ್ದರೆ ನಾನು ಗೋಡೆಯ ಬುಡದಲ್ಲಿ ಮಂಡಿ ಸವೆಸಬೇಕಿರಲಿಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳಲಿಲ್ಲ.

ಕೈಸರ್ ಕೊಂಬೆಯ ಹಸಿರು ನೋಡಿ, "ಸರಿ, ಮೇ ಒಂದು. ಅದ್ರ ಮ್ಯಾಲೆ ಒಂದಿನ ಇಲ್ಲ" ಎಂದ. ಚಾಚಾ ಬಕೆಟ್ಟನ್ನು ಬಾಳೆಗೆ ಸುರಿದು ಬಂದು ನನಗೆ ಶಿಕ್ಷೆ ವಿಧಿಸಿದರು. ಮರ ಹೂ ಬಿಡುವವರೆಗೆ ನನ್ನ ಬಾಯಿಂದ ನನ್ನ ದನಿ ಬಿಟ್ಟು ಬೇರೆ ದನಿ ಬರಬಾರದು. ಬಿಡದಿದ್ದರೆ?

"ಬಿಡದಿದ್ರೆ ಯಾವತ್ತೂ ಬ್ಯಾಡ" ಎಂದು ಒಳಗೆ ಹೋದರು.

ಆ ಏಪ್ರಿಲನ್ನು ನಾನು ಮರೆಯುವುದಿಲ್ಲ. ಅಂಗಡಿಗೆ ಬಂದವರು "ಎಲ್ಲಿ ಕಲ್ಲೇಶಣ್ಣ, ಬಸ್ ಸ್ಟ್ಯಾಂಡ್ ಅನೌನ್ಸರ್ ಮಾಡು" ಎಂದರೆ, "ಮಷಿನ್ ಕೆಟ್ಟೈತೆ" ಎನ್ನುತ್ತಿದ್ದೆ. ಜೆರಾಕ್ಸ್ ಮಷಿನ್ ಎಂದುಕೊಂಡು ಕೆಲವರು ವಾಪಸ್ ಹೋದರು. ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ದಿನಾ ಸಂಜೆ ಚಾಯ್ ಕುಡಿಯಲು ಅಂಗಡಿಗೆ ಬರುತ್ತಿದ್ದ ಚಾಚಾ ಬರುವುದನ್ನು ನಿಲ್ಲಿಸಿದ್ದರು. ಬೀದಿಯಲ್ಲಿ ಎದುರಾದರೆ ಸಲಾಮಿಗೆ ಸಲಾಮು, ಅಷ್ಟೆ. ಬೆಳಿಗ್ಗೆ ಹಲ್ಲುಜ್ಜುತ್ತ ನಾನು ನಮ್ಮ ಕಡೆಯಿಂದ ಕೊಂಬೆ ಎಣಿಸುತ್ತಿದ್ದೆ. ಆ ಕಡೆಯಿಂದ ಅವರೂ ಎಣಿಸುತ್ತಿದ್ದರು. ಗೋಡೆ ಅಡ್ಡವಿದ್ದರೂ ಅವರ ನಿಟ್ಟುಸಿರು ಕೇಳಿಸುತ್ತಿತ್ತು. ಅದರ ನಕಲು ಮಾಡಬೇಕೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಇಪ್ಪತ್ತನೆಯ ತಾರೀಕು ಕಳೆದು ಎರಡು ದಿನವಾಗಿತ್ತು. ಮಹಡಿಯ ಮೇಲಿಂದ ಚಾಚಿ ಬೀದಿಗೆಲ್ಲ ಕೇಳುವ ಹಾಗೆ ಗಂಡನನ್ನು ಕೂಗಿದರು. ನಾನೂ ಓಡಿದೆ. ಮಹಡಿಗೆ ತಾಗುವ ಕೊಂಬೆಯ ತುದಿಯಿಂದ ಗೇಣುದ್ದದ ದಾರವೊಂದು ಇಳಿದಿತ್ತು. ಅದರುದ್ದಕ್ಕೂ ಪೋಣಿಸಿದಂತೆ ಹಸಿರು ಮಣಿಗಳು. ಇನ್ನೊಂದು ಕೊಂಬೆಯಲ್ಲಿ ಎರಡು ದಾರ. ಚಾಚಾ ಮೆಟ್ಟಿಲು ಹತ್ತಿ ಬಂದು, ಕೈ ಚಾಚಿ, ಎಲ್ಲಿ ನಡುಕಕ್ಕೆ ಉದುರಿಬಿಡುತ್ತದೋ ಎಂದು ಮುಟ್ಟದೆ ಹಿಂದಕ್ಕೆ ತೆಗೆದರು. ನನ್ನ ಕಡೆ ನೋಡಿದರು.

ಆಮೇಲೆ ಮರಕ್ಕೆ ಅವಸರ ಬಂತು. ಹತ್ತು ವರ್ಷ ಬಾಕಿ ಉಳಿಸಿಕೊಂಡದ್ದನ್ನೆಲ್ಲ ಒಂದೇ ವಾರದಲ್ಲಿ ತೀರಿಸುವ ಹಾಗೆ ಮೇಲಿಂದ ಕೆಳಗಿನವರೆಗೆ ಹಳದಿ ಇಳಿಬಿಟ್ಟಿತು. ನಮ್ಮ ಅಡುಗೆಮನೆಯ ಗೋಡೆಯೂ ಹಳದಿಯಾಗಿ ಹೊಳೆಯುತ್ತಿತ್ತು. ಬೀದಿಯವರು ಹಿತ್ತಲಿಗೆ ಸಾಲುಗಟ್ಟಿ ಬಂದರು. ಚಾಚಾ ಒಬ್ಬೊಬ್ಬರಿಗೂ ಕುರ್ಚಿ ಹಾಕಿ "ಕುಂತ್ಕಳ್ರಿ, ಕುಂತ್ಕಂಡು ನೋಡ್ರಿ" ಎನ್ನುತ್ತಿದ್ದರು.

ಮೇ ಒಂದರ ಬೆಳಿಗ್ಗೆ ಜಯಕುಮಾರ್ ಟೇಪು ಹಿಡಿದು ಬಂದವನು ಮರದ ಕೆಳಗೆ ಬಾಯಿ ತೆರೆದು ನಿಂತ. ಕೈಸರ್ ಅಷ್ಟೊತ್ತಿಗೆ ಮರದ ಮೂವತ್ತು ಫೋಟೋ ಸ್ಟೇಟಸ್ಸಿಗೆ ಹಾಕಿಯಾಗಿತ್ತು.

"ಆ ಮೂಲೆ ಅಳತೆ ಮಾಡಪ್ಪ, ಬಚ್ಚಲ ಪಕ್ಕದ್ದು" ಎಂದ.

"ಅಲ್ಲಿ ಏಳಡೀನೂ ಬರಲ್ಲ."

"ಏಳಡಿ ಸಾಕು. ಮೋಟಾರೇನು ಕಾಲು ಚಾಚಿ ಮಲಗ್ತಾವಾ?"

ಆಗ ಚಾಚಾ ಕೆಳಗೆ ಬಿದ್ದಿದ್ದ ಒಂದು ಹೂವನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕ ಸರಿಪಡಿಸಿಕೊಂಡು ನೋಡುತ್ತಿದ್ದರು. ಒಂದು, ಎರಡು, ಮೂರು ಎಂದು ಬೆರಳಿಟ್ಟು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಐದು ಎಸಳು" ಎಂದರು ಮೆಲ್ಲಗೆ. "ನಲವತ್ ವರ್ಷ ನಾನು ನಾಲ್ಕೇ ಬರ್ದೀನಿ."

"ಈಗ ಊರೂರಿಗೆ ಹೋಗಿ ಒಂದೊಂದು ಸೇರಿಸಿ ಬರ್ರಿ" ಎಂದರು ಚಾಚಿ.

ಚಾಚಾ ತುಟಿಯ ಮೂಲೆ ಅಲುಗಿತು. ಹೂವನ್ನು ಜೇಬಿಗೆ ಹಾಕಿಕೊಂಡು, ಗೋಡೆಯ ಪಕ್ಕ ಕಳ್ಳನ ಹಾಗೆ ನಿಂತಿದ್ದ ನನ್ನನ್ನು ಕರೆದರು. ಅವ್ವ, ಚಾಚಿ, ಕೈಸರ್, ಜಯಕುಮಾರ್, ನಾಲ್ಕು ಮನೆಯ ಹೆಂಗಸರು ಎಲ್ಲರೂ ಇದ್ದರು.

"ಆವತ್ತು ಅಕ್ಕನ ಹತ್ರ ನನ್ನಂಗೆ ಹ್ಯಾಂಗ್ ಮಾತಾಡ್ದೆ? ಮಾಡು."

"ಬ್ಯಾಡ ಚಾಚಾ."

"ಹೂ ಬಿಟ್ಟೈತಲ್ಲ. ಮಾಡು ಅಂದೆ."

ಒಂದು ತಿಂಗಳಿಂದ ತುಕ್ಕು ಹಿಡಿದಿದ್ದ ಗಂಟಲು ಸರಿಮಾಡಿಕೊಂಡೆ. ಬಲಗೈಯನ್ನು ಎಡಗೈಯಲ್ಲಿ ಹಿಡಿಯಲು ಹೋದವನು ಬಿಟ್ಟೆ, ಅದನ್ನು ನಾನು ಯಾವತ್ತೂ ಮಾಡುವುದಿಲ್ಲ. ಮೂರು ಸಲ ಕೆಮ್ಮಿ ಶುರುಮಾಡಿದೆ. "ಅಕ್ಕಾ... ಅರ್ಥ ಏನಂದ್ರೆ... ಒಂದ್ ಮಾತಿತ್ತು. ಅರ್ಥ ಏನಂದ್ರೆ, ಮರಕ್ಕೆ ನಾಕ್ ತಿಂಗ್ಳು..."

ಹೆಂಗಸರು ಸೆರಗಿನೊಳಗೆ ಕಿಸಕ್ಕೆಂದರು. ಚಾಚಾ ನ್ಯಾಯಾಧೀಶರ ಹಾಗೆ ಗಂಭೀರವಾಗಿ, ಕಿವಿ ಮುಂದೆ ಮಾಡಿ, ಕೊನೆಯ ಕೆಮ್ಮಿನವರೆಗೂ ಕೇಳಿದರು. ಮುಗಿದ ಮೇಲೆ ಸುತ್ತ ನೋಡಿದರು.

"ನಾನು ಅಷ್ಟ್ ಸಲ ಹಂಗಂತೀನಾ?"

"ಹೂಂ" ಎಂದರು ಎಲ್ಲರೂ.

"ಸುಳ್ಳು" ಎಂದರು ಚಾಚಾ ಸಿಟ್ಟಿನಿಂದ ಎದೆಯುಬ್ಬಿಸಿ. "ನಾನು ಯಾವತ್ತೂ ಹಂಗೆ ಅನ್ನಲ್ಲ. ಅರ್ಥ ಏನಂದ್ರೆ..."

ಅಲ್ಲಿಗೆ ನಿಂತರು. ತಮ್ಮದೇ ಮಾತು ಗಾಳಿಯಲ್ಲಿ ತೂಗುತ್ತಿರುವುದನ್ನು ನೋಡುವವರ ಹಾಗೆ ಬಾಯಿ ತೆರೆದೇ ನಿಂತರು. ಮೊದಲು ಅವರ ಹೆಗಲು ಅಲುಗಿತು, ಆಮೇಲೆ ಹೊಟ್ಟೆ. ಆಮೇಲೆ ತಗಡಿನ ಮೇಲೆ ಸುತ್ತಿಗೆ ಬಿದ್ದಂಥ ನಗೆಯೊಂದು ಹೊರಟಿತು ನೋಡಿ, ಅವ್ವ ನಕ್ಕಳು, ಚಾಚಿ ನಕ್ಕರು, ಜಯಕುಮಾರನ ಕೈಯಿಂದ ಟೇಪು ಸರಕ್ಕನೆ ಸುತ್ತಿಕೊಂಡಿತು, ಕೈಸರ್ ಕಣ್ಣೊರೆಸಿಕೊಂಡ. ನಾವೆಲ್ಲ ನಕ್ಕು ಸುಸ್ತಾಗಿ ನಿಲ್ಲಿಸಿದ ಮೇಲೂ, ಕಕ್ಕೆಯ ಬೊಡ್ಡೆಗೆ ಕೈ ಊರಿಕೊಂಡು, ಎಲ್ಲರಿಗಿಂತ ಜೋರಾಗಿ, ಚಾಚಾ ನಗುತ್ತಲೇ ಇದ್ದರು.